ಹಳೇ ಈಜಿಪ್ಟಿನವರ ದಿನನಿತ್ಯದ ಬದುಕು: ಪತ್ರ, ಪಟ್ಟಿ, ಬುದ್ಧಿಮಾತು, ಯಾವುದರಿಂದ ಓದಲು ಶುರು ಮಾಡೋದು?

“ಪಿರಮಿಡ್ಡು, ಮಮ್ಮಿ, ರಾಜರ ಕಥೆ ಸಾಕಾಯಿತು. ಆ ಕಾಲದ ಮಾಮೂಲಿ ಜನ ಏನು ತಿಂದರು, ಯಾರ ಜೊತೆ ಜಗಳ ಆಡಿದರು, ಕೊಟ್ಟ ಸಾಲ ಹೇಗೆ ವಸೂಲಿ ಮಾಡಿದರು, ಅದನ್ನು ಅವರ ಮಾತಲ್ಲೇ ಓದಬೇಕು. ಎಲ್ಲಿಂದ ಶುರು ಮಾಡಲಿ?”

ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕೇಳುವವರು ಅಷ್ಟು ಹೊತ್ತಿಗೆ ನಾಲ್ಕೈದು ಹೆಸರು ಹುಡುಕಿಟ್ಟುಕೊಂಡೇ ಬಂದಿರುತ್ತಾರೆ. ಯಾರೋ ಪ್ತಾಹೊತೆಪ್ ಅನ್ನುವ ಹಳೇ ಮಂತ್ರಿಯ ಬುದ್ಧಿಮಾತು ಓದು ಅಂದಿರುತ್ತಾರೆ. ಇನ್ಯಾರೋ ಪ್ರೇಮಗೀತೆ ಅಂದಿರುತ್ತಾರೆ. ಮತ್ತೊಬ್ಬರು ದೇರ್ ಎಲ್ ಮದೀನಾ ಅಂತ ಒಂದು ಊರಿನ ಹೆಸರು ಹೇಳಿ ಸುಮ್ಮನಾಗಿರುತ್ತಾರೆ. ಎಲ್ಲವೂ ಒಳ್ಳೆಯವೇ. ಆದರೆ ಎಲ್ಲರಿಗೂ ಎಲ್ಲವೂ ಹಿಡಿಸುವುದಿಲ್ಲ.

ನಾನೇ ತಪ್ಪು ಬಾಗಿಲಿನಿಂದ ಒಳಗೆ ಹೋದವನು. ಆ ಊರಿನ ಬಗ್ಗೆ ಎಲ್ಲೋ ಓದಿ, ಹುರುಪಿನಲ್ಲಿ ಒಂದು ದಪ್ಪ ಪುಸ್ತಕ ಸೆಕೆಂಡ್ ಹ್ಯಾಂಡ್ ತರಿಸಿದೆ. ಮಾರಿದವರು “ಪೂರ್ತಿ ಬರಹ ಇದೆ” ಅಂದಿದ್ದರು. ಸುಳ್ಳಲ್ಲ, ಇತ್ತು. ಹೈರಾಟಿಕ್, ಅಂದರೆ ಆಗಿನ ಈಜಿಪ್ಟಿನ ಕೈಬರಹದ ಲಿಪಿಯ ನಕಲು, ಪಕ್ಕದಲ್ಲಿ ಫ್ರೆಂಚ್ ಟಿಪ್ಪಣಿ. ಅನುವಾದ ಮಾತ್ರ ಒಂದು ಸಾಲೂ ಇರಲಿಲ್ಲ. ಈಗ ಅದು ನಮ್ಮ ಮನೆಯಲ್ಲಿ ಫ್ಯಾನಿನ ಗಾಳಿಗೆ ಪೇಪರ್ ಹಾರದಂತೆ ಕಾಯುತ್ತಿದೆ.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಮತ್ತು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: ಅದನ್ನು ಯಾರು ಯಾರಿಗಾಗಿ ಬರೆದರು? ಆಗಿನ ಈಜಿಪ್ಟಿನಲ್ಲಿ ಓದುಬರಹ ಬರುತ್ತಿದ್ದದ್ದು ನೂರಕ್ಕೆ ಒಬ್ಬರಿಗೆ ಅನ್ನುವುದು ವಿದ್ವಾಂಸರ ಅಂದಾಜು. ಅಂದರೆ ನಮ್ಮ ಕೈಗೆ ಬಂದಿರುವ ಬಹುಪಾಲು ಮಾತು ಗುಮಾಸ್ತರದ್ದು. ಆದರೆ ಗುಮಾಸ್ತ ಶಾಲೆಯ ಹುಡುಗರಿಗೆ ಪಾಠ ಬರೆದದ್ದು ಬೇರೆ, ಕೂಲಿಯವರ ಹಾಜರಿ ಹಾಕಿದ್ದು ಬೇರೆ. ಬದುಕು ಹೇಗಿರಬೇಕು ಅಂತ ಹೇಳುವ ಬರಹವೇ ಬೇರೆ, ಹೇಗಿತ್ತು ಅಂತ ಗೊತ್ತಿಲ್ಲದೆ ಬಾಯಿಬಿಡುವ ಬರಹವೇ ಬೇರೆ. ಓದಲು ಚೆಂದ ಮೊದಲನೆಯದು. ನಂಬಲು ಎರಡನೆಯದು.

ಎರಡನೆಯ ಪ್ರಶ್ನೆ, ಪಕ್ಕದಲ್ಲಿ ವಿವರಣೆ ಇಲ್ಲದೆ ಎಷ್ಟು ದಕ್ಕುತ್ತದೆ? ಕೆಲವು ಪತ್ರ ಓದಿದ ತಕ್ಷಣ ಎದೆಗೆ ತಾಕುತ್ತವೆ. ಕೆಲವು ಲೆಕ್ಕದ ಚೂರುಗಳು ನೂರು ಸೇರಿದ ಮೇಲೆ ಮಾತಾಡುತ್ತವೆ.

ಆಮೇಲೆ ನಿಮ್ಮ ಕಡೆಯ ಪ್ರಶ್ನೆ. ನಿಮಗೆ ಬೇಕಾದ್ದು ಅಡುಗೆಮನೆಯಾ, ಸಂಬಳವಾ, ಜಗಳವಾ, ಪ್ರೀತಿಯಾ? ಒಂದು ಸಂಜೆ ಇದೆಯಾ, ಆರು ತಿಂಗಳು ಇದೆಯಾ? ದುಡ್ಡಿನ ಮಾತು ಕೊನೆಗೆ ಹೇಳುತ್ತೇನೆ, ಅದು ನೀವು ಅಂದುಕೊಂಡಷ್ಟು ದೊಡ್ಡ ಅಡ್ಡಿ ಅಲ್ಲ.

ಹೆಕಾನಖ್ತ್‌ನ ಮನೆಪತ್ರಗಳು

ಕ್ರಿ.ಪೂ. 20ನೇ ಶತಮಾನದ ಮನುಷ್ಯ ಈ ಹೆಕಾನಖ್ತ್. ತೀರಿಹೋದ ಒಬ್ಬ ಮಂತ್ರಿಯ ಸಮಾಧಿಗೆ ಎಡೆ ಇಡುವ ಪೂಜಾರಿ. ಜೊತೆಗೆ ಹೊಲ, ದನ, ದೊಡ್ಡ ಕುಟುಂಬ. ಕೆಲಸದ ಮೇಲೆ ಊರು ಬಿಟ್ಟಿದ್ದಾಗ ಮನೆಗೆ ಬರೆದ ಪತ್ರಗಳು, ಕಾಳಿನ ಲೆಕ್ಕಗಳು 1921–22ರಲ್ಲಿ ಲಕ್ಸರ್ ಎದುರಿನ ದೇರ್ ಎಲ್ ಬಹ್ರಿಯ ಒಂದು ಸಮಾಧಿಯಲ್ಲಿ ಸಿಕ್ಕವು. ಅಗೆದದ್ದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನ ವಿನ್‌ಲಾಕ್ ಅವರ ತಂಡ. ಇರುವುದು ಬೆರಳೆಣಿಕೆಯ ಹಾಳೆ. ಒಂದು ಪತ್ರ ಸಿಕ್ಕಾಗ ಇನ್ನೂ ಮಡಚಿ ಮುದ್ರೆ ಹಾಕಿದ ಹಾಗೇ ಇತ್ತು. ತಲುಪಬೇಕಾದವರು ಅದನ್ನು ಓದಲೇ ಇಲ್ಲ.

ಇವುಗಳ ಗುಣ ಏನೆಂದರೆ, ಬರೆದವನಿಗೆ ನಾವು ಓದುತ್ತೇವೆ ಅನ್ನುವ ಕಲ್ಪನೆಯೇ ಇಲ್ಲ. ಪತ್ರ ಹೆಚ್ಚಾಗಿ ಮೆರಿಸು ಅನ್ನುವವನಿಗೆ. ಮನೆ, ಹೊಲ ನೋಡಿಕೊಳ್ಳುತ್ತಿದ್ದವನು ಅವನೇ. ಹೊಲ ಪೂರಾ ಅಗೆಯಿರಿ, ಕಾಳು ಜರಡಿ ಹಿಡಿಯಿರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ದುಡಿಯಿರಿ ಅನ್ನುವ ಧಾಟಿ. ನನಗೆ ಒಣಗಿದ ಹಳೇ ಬಾರ್ಲಿ ಕಳಿಸಿ ನೀವು ಅಲ್ಲಿ ಹೊಸದು ತಿಂತಿದ್ದೀರಲ್ಲ, ಅಂತ ಸಿಡಿಮಿಡಿ. ಆ ವರ್ಷ ನೈಲ್ ನದಿಯ ನೀರು ಸಾಲದೆ ಕಾಳಿಗೆ ಕಷ್ಟ ಆಗಿರುತ್ತದೆ. ಮನೆಯಲ್ಲಿ ಯಾರಿಗೆ ತಿಂಗಳಿಗೆ ಎಷ್ಟು ಅಂತ ಹೆಸರು ಹಿಡಿದು ಬರೆದು, ಕಡಿಮೆ ಆಯಿತು ಅಂತ ಗೊಣಗಬೇಡಿ, ಪೂರ್ತಿ ಸಾಯುವುದಕ್ಕಿಂತ ಅರೆಜೀವ ಇರುವುದು ಮೇಲು ಅನ್ನುತ್ತಾನೆ. ಇಲ್ಲಿ ಜನ ಜನರನ್ನೇ ತಿನ್ನೋಕೆ ಶುರು ಮಾಡಿದ್ದಾರೆ ಅಂತಲೂ ಸೇರಿಸುತ್ತಾನೆ. ಇದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಮಕ್ಕಳು ಊಟ ಬಿಟ್ಟರೆ ನಮ್ಮ ಅಜ್ಜಂದಿರು ಬರಗಾಲದ ಕಥೆ ತೆಗೆಯುತ್ತಿದ್ದರಲ್ಲ, ಆ ಜಾತಿಯ ಮಾತು.

ಇಷ್ಟು ಬಿಗಿ ಮನುಷ್ಯ ಮನೆಯ ಕಿರಿಯ ಹುಡುಗ ಸ್ನೆಫ್ರುವಿನ ಹೆಸರು ಬಂದ ಕೂಡಲೇ ಬೆಣ್ಣೆ. ಅವನು ದನ ನೋಡಿಕೊಳ್ಳುತ್ತೇನೆ ಅಂದರೆ ಅದನ್ನೇ ಕೊಡಿ, ಏನು ಬೇಕು ಅಂದರೂ ಇಲ್ಲ ಅನ್ನಬೇಡಿ. ಇನ್ನೊಂದು ಕಡೆ, ಮನೆಗೆಲಸದ ಸೆನೆನ್ ಮೇಲೆ ಕೆಂಡ. ಈ ಪತ್ರ ತಲುಪಿದ ದಿನವೇ ಅವಳನ್ನು ಹೊರಗೆ ಹಾಕಿ, ಇನ್ನೊಂದು ರಾತ್ರಿ ಅವಳು ನನ್ನ ಮನೆಯಲ್ಲಿ ಇದ್ದರೆ ನೋಡಿ ಮತ್ತೆ! ಕಾರಣ, ಹೊಸದಾಗಿ ಬಂದ ಹೆಂಡತಿಯನ್ನು ಮನೆಯವರು ಸರಿಯಾಗಿ ನಡೆಸಿಕೊಳ್ಳುತ್ತಿಲ್ಲ. ಸೆನೆನ್‌ಗೆ ಅದರಲ್ಲಿ ಕೈ ಇದೆ ಅನ್ನುವುದು ಅವನ ನಂಬಿಕೆ. ಮನೆಯವರು ಇದಕ್ಕೆ ಏನು ಉತ್ತರ ಕೊಟ್ಟರೋ, ಆ ಪತ್ರ ಸಿಕ್ಕಿಲ್ಲ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಪತ್ರಗಳಿಗೆ ಅಡಿಟಿಪ್ಪಣಿ ಬೇಡ, ಅಲ್ವಾ? ಒಬ್ಬ ಹೆಸರಾಂತ ಪತ್ತೇದಾರಿ ಕಾದಂಬರಿಗಾರ್ತಿ ಈ ಮನೆಯನ್ನೇ ಇಟ್ಟುಕೊಂಡು ಕೊಲೆಯ ಕಥೆ ಹೆಣೆದದ್ದರಲ್ಲಿ ಆಶ್ಚರ್ಯ ಇಲ್ಲ.

ಕೊರತೆ ಎರಡು. ಬೇಗ ಮುಗಿದುಹೋಗುತ್ತದೆ. ಮತ್ತು ಇದು ಯಜಮಾನನ ಮಾತು ಮಾತ್ರ. ಕಾಳಿನ ಲೆಕ್ಕದ ಹಾಳೆಗಳು ಮೊದಲ ಸಲ ಓದುವವರಿಗೆ ಬೇಸರ ತರುತ್ತವೆ, ದಾಟಿ ಮುಂದೆ ಹೋದರೆ ಏನೂ ನಷ್ಟ ಇಲ್ಲ.

ದೇರ್ ಎಲ್ ಮದೀನಾ: ಒಂದು ಇಡೀ ಊರು

ಈಗ ದೊಡ್ಡದಕ್ಕೆ ಬರೋಣ. ಲಕ್ಸರ್ ಎದುರು ನೈಲ್‌ನ ಪಶ್ಚಿಮ ದಡದಲ್ಲಿ, ರಾಜರ ಕಣಿವೆಯಲ್ಲಿ ಸಮಾಧಿ ಕೊರೆದು ಚಿತ್ರ ಬರೆಯುತ್ತಿದ್ದ ಕೆಲಸಗಾರರ ಊರು ಇದು. ಗೋಡೆಯೊಳಗೆ ಸುಮಾರು 68 ಮನೆ. ನಾಲ್ಕು ಶತಮಾನಕ್ಕೂ ಜಾಸ್ತಿ ಬಾಳಿದ ಊರು. ಪಪೈರಸ್ (ಜೊಂಡಿನಿಂದ ಮಾಡಿದ ಆಗಿನ ಕಾಗದ) ದುಬಾರಿ, ಸುಣ್ಣಕಲ್ಲಿನ ಚಕ್ಕೆ ಮತ್ತು ಒಡೆದ ಮಡಕೆಯ ಓಡು ಪುಕ್ಕಟೆ. ಇವರಲ್ಲಿ ಅಕ್ಷರ ಬಲ್ಲವರು ಬೇರೆ ಕಡೆಗಿಂತ ಜಾಸ್ತಿ. ಹಾಗಾಗಿ ಬಟ್ಟೆ ಒಗೆಯಲು ಕೊಟ್ಟ ಲೆಕ್ಕ, ಕತ್ತೆ ಬಾಡಿಗೆ, ಸಾಲ, ಬೈಗುಳ, ಔಷಧಿ, ಎಲ್ಲವನ್ನೂ ಗೀಚಿ ಎಸೆದರು. ಅಂಥ ಚೂರುಗಳು ಸಾವಿರಗಟ್ಟಲೆ ಸಿಕ್ಕಿವೆ. ಇವಕ್ಕೆ ಓಸ್ಟ್ರಕಾ ಅಂತ ಹೆಸರು. ನಾವು ಗೋಡೆಯ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದೆವಲ್ಲ, ಅದರ ಹಾಗೆ.

ಒಂದನ್ನು ಹತ್ತಿರದಿಂದ ನೋಡಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ದೊಡ್ಡ ಸುಣ್ಣಕಲ್ಲಿನ ಚಪ್ಪಡಿ ಇದೆ. ಎರಡನೇ ರಾಮ್‌ಸೆಸ್‌ನ ಆಳ್ವಿಕೆಯ 40ನೇ ವರ್ಷದ್ದು, ಅಂದರೆ ಕ್ರಿ.ಪೂ. 1250ರ ಸುತ್ತಮುತ್ತ. ಬಲಗಡೆ ಕೆಲಸಗಾರರ ಹೆಸರು, ಸುಮಾರು ನಲವತ್ತು. ಹೆಸರಿನ ಪಕ್ಕ ಕಪ್ಪು ಮಸಿಯಲ್ಲಿ ತಾರೀಕು. ತಾರೀಕಿನ ಮೇಲೆ ಕೆಂಪು ಮಸಿಯಲ್ಲಿ ಚಿಕ್ಕದಾಗಿ ಒಂದೊಂದು ಕಾರಣ. ಇದು ಗೈರುಹಾಜರಿ ಪುಸ್ತಕ! ಒಬ್ಬನಿಗೆ ಹುಷಾರಿಲ್ಲ. ಒಬ್ಬನಿಗೆ ಕಣ್ಣುಬೇನೆ. ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬ ಬಿಯರ್ ಕಾಯಿಸುತ್ತಿದ್ದಾನೆ, ಹಬ್ಬಕ್ಕೋ ಮನೆಗೋ. ಒಬ್ಬ ತಾಯಿಯ ಹೆಣಕ್ಕೆ ಬಟ್ಟೆ ಸುತ್ತಲು ಹೋಗಿದ್ದಾನೆ. ಕೆಲವರ ಮನೆಯಲ್ಲಿ ಹೆಂಗಸರು ಮುಟ್ಟಾಗಿದ್ದಾರೆ, ಅದೂ ರಜೆಗೆ ಕಾರಣ. ಇನ್ನೊಬ್ಬ ಗುಮಾಸ್ತನ ಹೆಂಡತಿಗೆ ಮದ್ದು ಅರೆಯುತ್ತಿದ್ದಾನೆ, ಅವನೇ ಊರಿನ ವೈದ್ಯ ಕೂಡ. ಒಂದೂ ವಾಕ್ಯ ಇಲ್ಲ, ಎಲ್ಲ ಎರಡು-ಮೂರು ಪದ. ಓದಿ ಮುಗಿಸುವಷ್ಟರಲ್ಲಿ ಊರಿನ ಅರ್ಧ ಜನ ಪರಿಚಯ ಆಗಿರುತ್ತಾರೆ.

ಇವರ ವಾರಕ್ಕೆ ಹತ್ತು ದಿನ, ಕೊನೆಗೆ ಎರಡು ದಿನ ಬಿಡುವು. ಆಗ ನಾಣ್ಯ ಇರಲಿಲ್ಲ. ಸಂಬಳ ಕಾಳಿನಲ್ಲಿ: ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಮೂಟೆ ಗೋಧಿ, ಒಂದೂವರೆ ಮೂಟೆ ಬಾರ್ಲಿ. ಮೂಟೆ ಅಂದರೆ ಅವರ ‘ಖಾರ್’, ಸುಮಾರು 77 ಲೀಟರಿನ ಅಳತೆ. ಗೋಧಿ ಅಂದರೆ ಎಮ್ಮರ್, ಉತ್ತರ ಕರ್ನಾಟಕದಲ್ಲಿ ಜವೆಗೋಧಿ ಅನ್ನುತ್ತಾರಲ್ಲ, ಆ ಜಾತಿ. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರಿಗೆ. ಬೆಲೆ ಕಟ್ಟಲು ತಾಮ್ರದ ತೂಕ, ‘ದೆಬೆನ್’, ಸುಮಾರು 91 ಗ್ರಾಂ. ಒಂದು ಜೊತೆ ಚಪ್ಪಲಿಗೆ ಎರಡು ದೆಬೆನ್ ಆಸುಪಾಸು, ಕತ್ತೆಗೆ ಇಪ್ಪತ್ತೈದರಿಂದ ನಲವತ್ತು. ತಾಮ್ರ ಕೈ ಬದಲಾಯಿಸುವುದು ಅಪರೂಪ. ಅಷ್ಟು ಬೆಲೆಯ ಬಟ್ಟೆ, ಬುಟ್ಟಿ, ಎಣ್ಣೆ ಸೇರಿಸಿ ಲೆಕ್ಕ ಸರಿ ಮಾಡುತ್ತಿದ್ದರು. ಮೆನ್ನ ಅನ್ನುವವನು ಪೊಲೀಸ್ ಮುಖ್ಯಸ್ಥನೊಬ್ಬನಿಗೆ ಒಂದು ಮಡಕೆ ಕೊಬ್ಬು ಸಾಲ ಕೊಟ್ಟ. ಅದು ವಸೂಲಿ ಆಗದೆ ಊರ ಪಂಚಾಯ್ತಿಗೆ ಮತ್ತೆ ಮತ್ತೆ ಅಲೆದು ಹತ್ತು ವರ್ಷದ ಮೇಲಾಯಿತು.

ಇಲ್ಲಿನ ಎರಡು ಕಾಗದಗಳನ್ನು ಯಾರೂ ತಪ್ಪಿಸಿಕೊಳ್ಳಬಾರದು ಅನ್ನುವುದು ನನ್ನ ಹಟ. ಒಂದು ಟ್ಯೂರಿನ್ ನಗರದಲ್ಲಿರುವ ಮುಷ್ಕರದ ಪಪೈರಸ್. ಮೂರನೇ ರಾಮ್‌ಸೆಸ್‌ನ 29ನೇ ವರ್ಷ, ಕ್ರಿ.ಪೂ. 1157ರ ಸುಮಾರಿಗೆ, ತಿಂಗಳ ರೇಷನ್ ಬಾರದೆ ಹದಿನೆಂಟು ದಿನ ಆಯಿತು. ಕೆಲಸಗಾರರು ಉಪಕರಣ ಇಟ್ಟು, ಕಾವಲು ಗೋಡೆ ದಾಟಿ, ದೇವಸ್ಥಾನದ ಹಿಂದೆ ಹೋಗಿ ಕೂತರು. ಹಸಿವು, ಬಾಯಾರಿಕೆ ತಾಳದೆ ಇಲ್ಲಿಗೆ ಬಂದೆವು, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ಫೇರೋಗೆ, ಅಂದರೆ ರಾಜನಿಗೆ, ತಿಳಿಸಿ ಅನ್ನುವುದು ಅವರ ಮಾತು. ಬರೆದಿಟ್ಟದ್ದು ಊರಿನ ಗುಮಾಸ್ತ ಅಮೆನ್‌ನಖ್ತ್. ನಮಗೆ ತಿಳಿದಿರುವ ಅತಿ ಹಳೆಯ ಮುಷ್ಕರ ಇದೇ.

ಇನ್ನೊಂದು ನೌನಖ್ತೆ ಅನ್ನುವ ಹೆಂಗಸಿನ ಉಯಿಲು. ಐದನೇ ರಾಮ್‌ಸೆಸ್‌ನ 3ನೇ ವರ್ಷದ್ದು. ವಯಸ್ಸಾದ ಆಕೆ ಸಾಕ್ಷಿಗಳ ಮುಂದೆ ನಿಂತು, ನಾನು ಫೇರೋನ ನಾಡಿನ ಸ್ವತಂತ್ರ ಹೆಂಗಸು ಅನ್ನುತ್ತಾಳೆ. ಎಂಟು ಮಕ್ಕಳನ್ನು ಸಾಕಿದೆ, ಅವರಿಗೆ ಸಂಸಾರಕ್ಕೆ ಬೇಕಾದ್ದೆಲ್ಲ ಮಾಡಿಕೊಟ್ಟೆ. ಈಗ ನಾನು ಮುದುಕಿ ಆದೆ, ನನ್ನ ಕೈ ಹಿಡಿದವರಿಗೆ ನನ್ನದು ಕೊಡುತ್ತೇನೆ, ಹಿಡಿಯದವರಿಗೆ ಇಲ್ಲ. ಹೆಸರು ಹಿಡಿದೇ ಹೇಳುತ್ತಾಳೆ. ಒಬ್ಬ ಮಗನಿಗೆ ಉಳಿದವರಿಗಿಂತ ಹೆಚ್ಚಾಗಿ ಒಂದು ಕಂಚಿನ ತೊಳೆಯುವ ಬಟ್ಟಲು. ಆ ಬಟ್ಟಲಿನ ಸಾಲು ಓದಿದಾಗ ಉಳಿದ ಮಕ್ಕಳ ಮುಖ ಹೇಗಿದ್ದಿರಬಹುದು ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಕಷ್ಟವನ್ನೂ ಹೇಳಬೇಕು. ಇಲ್ಲಿ ಕಥೆ ಒಂದೇ ಕಡೆ ಸಿಗುವುದಿಲ್ಲ. ಚೂರು ಚೂರು. ಒಂದೇ ಹೆಸರಿನವರು ಹತ್ತಾರು ಮಂದಿ. ಅಮೆನ್‌ನಖ್ತ್ ಅಂದರೆ ಯಾವ ಅಮೆನ್‌ನಖ್ತ್ ಅಂತ ತಜ್ಞರೇ ತಲೆ ಕೆರೆದುಕೊಳ್ಳುತ್ತಾರೆ. ಮೊದಲ ತಿಂಗಳು ನಾನು ನೋಟ್‌ಬುಕ್ಕಿನಲ್ಲಿ ವಂಶವೃಕ್ಷ ಬರೆದುಕೊಂಡೇ ಓದಿದೆ. ಜೊತೆಗೆ ಇದು ಸಾಮಾನ್ಯ ಹಳ್ಳಿ ಅಲ್ಲ. ಸರ್ಕಾರಿ ಸಂಬಳದ ಕುಶಲಕರ್ಮಿಗಳ ಕಾಲೊನಿ. ನೀರನ್ನು ಕತ್ತೆಗಳ ಮೇಲೆ ಹೊತ್ತು ತಂದು ಕೊಡುವವರು ಬೇರೆ, ಬಟ್ಟೆ ಒಗೆಯುವವರು ಬೇರೆ. ಹೊಲದಲ್ಲಿ ದುಡಿಯುತ್ತಿದ್ದ ಈಜಿಪ್ಟಿನ ಬಹುಪಾಲು ಜನರ ಬದುಕು ಇದೇ ಅಂದುಕೊಂಡರೆ ಮೋಸ ಹೋಗುತ್ತೀರಿ.

ಬುದ್ಧಿಮಾತುಗಳು

ಎಲ್ಲರೂ ಮೊದಲು ಶಿಫಾರಸು ಮಾಡುವುದು ಇವನ್ನೇ. ತಂದೆ ಮಗನಿಗೆ ಹೇಳುವ ಧಾಟಿ, ಚಿಕ್ಕ ಚಿಕ್ಕ ತುಂಡು, ಎಲ್ಲಿಂದ ಬೇಕಾದರೂ ಓದಬಹುದು. ಪ್ತಾಹೊತೆಪ್‌ನ ಹೆಸರಿನಲ್ಲಿ 37 ಮಾತುಗಳಿವೆ. ಒಳ್ಳೆಯ ಮಾತು ಹಸಿರು ರತ್ನಕ್ಕಿಂತ ಅಪರೂಪ, ಆದರೂ ಬೀಸುವ ಕಲ್ಲಿನ ಮುಂದೆ ಕೂತ ಕೆಲಸದ ಹೆಣ್ಣುಮಕ್ಕಳ ಬಾಯಲ್ಲಿ ಸಿಕ್ಕೀತು ಅನ್ನುವುದು ಅದರ ಶುರುವಿನಲ್ಲೇ ಬರುತ್ತದೆ. ಚೆಂದ ಇದೆ. ಆದರೆ ಬೀಸುವ ಕಲ್ಲು ಇಣುಕಿದ್ದು ಅಷ್ಟೇ. ಉಳಿದದ್ದು ದೊಡ್ಡವರ ಮುಂದೆ ಹೇಗೆ ಕೂರಬೇಕು, ಹೇಗೆ ಉಣ್ಣಬೇಕು, ಯಾವಾಗ ಬಾಯಿ ಮುಚ್ಚಿಕೊಳ್ಳಬೇಕು ಅನ್ನುವ ದರಬಾರಿನ ಪಾಠ. ದಿನನಿತ್ಯದ ಬದುಕು ಬೇಕು ಅಂತ ಬಂದವರಿಗೆ ನಾನು ಇದನ್ನು ಮೊದಲು ಕೊಡುವುದಿಲ್ಲ.

ಅದರ ಬದಲು ಆನಿಯ ಬುದ್ಧಿಮಾತು ನೋಡಿ. ಅದು ಮಧ್ಯಮ ದರ್ಜೆಯ ಗುಮಾಸ್ತನ ಮನೆ. ತಾಯಿ ನಿನಗೆ ಕೊಟ್ಟ ಅನ್ನಕ್ಕೆ ಎರಡರಷ್ಟು ಅವಳಿಗೆ ಕೊಡು, ಮೂರು ವರ್ಷ ಎದೆಹಾಲು ಕುಡಿಸಿದಳು, ಶಾಲೆಗೆ ಹಾಕಿದ ಮೇಲೆ ದಿನಾ ರೊಟ್ಟಿ, ಬಿಯರ್ ಹಿಡಿದು ನಿನ್ನನ್ನು ನೋಡಿಕೊಂಡಳು ಅನ್ನುತ್ತಾನೆ. ಹೆಂಡತಿ ಮನೆ ಚೆನ್ನಾಗಿ ನಡೆಸುತ್ತಿದ್ದರೆ ಅವಳ ಮೇಲೆ ದರ್ಬಾರು ಮಾಡಬೇಡ. ಅವಳು ಸರಿಯಾದ ಜಾಗದಲ್ಲೇ ಇಟ್ಟಿರುವ ವಸ್ತುವನ್ನು “ಎಲ್ಲಿದೆ ಅದು? ತಗೊಂಡು ಬಾ!” ಅಂತ ಕೂಗಬೇಡ. ಮೂರು ಸಾವಿರ ವರ್ಷ ದಾಟಿದರೂ ಎಷ್ಟು ಮನೆಯಲ್ಲಿ ಈ ಸಾಲನ್ನು ಫ್ರಿಜ್ ಮೇಲೆ ಅಂಟಿಸಬಹುದು ಯೋಚಿಸಿ. ಇನ್ನೊಂದು ವಿಶೇಷ, ಕೊನೆಗೆ ಮಗ ಎದುರು ಮಾತಾಡುತ್ತಾನೆ. ಅಪ್ಪಾ, ನೀನು ಹೇಳುವುದೆಲ್ಲ ಸರಿ, ನನ್ನ ಕೈಲಿ ಆಗಬೇಕಲ್ಲ ಅನ್ನುವ ಅರ್ಥದಲ್ಲಿ.

ಖೇತಿಯ ಬರಹವೂ ಇದೇ ಸಾಲಿನದು. ಮಗನನ್ನು ಗುಮಾಸ್ತರ ಶಾಲೆಗೆ ಸೇರಿಸಲು ದೋಣಿಯಲ್ಲಿ ಕರೆದೊಯ್ಯುವಾಗ ಉಳಿದ ಕಸುಬುಗಳನ್ನೆಲ್ಲ ಒಂದೊಂದಾಗಿ ಹೀಯಾಳಿಸುತ್ತಾನೆ. ಕಮ್ಮಾರನ ಬೆರಳು ಮೊಸಳೆಯ ಪಂಜದ ಹಾಗೆ, ಮೀನಿನ ಮೊಟ್ಟೆಗಿಂತ ಕೆಟ್ಟ ನಾತ. ಕುಂಬಾರ ಬದುಕಿದ್ದಾಗಲೇ ಮಣ್ಣಿನಡಿ. ನೇಕಾರ ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಕೂತು ಗಾಳಿ ಕಾಣದವನು. ಅಗಸನ ಪಕ್ಕದ ಮನೆಯವನು ಮೊಸಳೆ. ಕ್ಷೌರಿಕ ಗಿರಾಕಿ ಹುಡುಕುತ್ತಾ ಬೀದಿ ಬೀದಿ ಅಲೆಯುವವನು. ಕಸುಬುಗಳ ವಿವರ ಇಷ್ಟು ಒಂದೇ ಕಡೆ ಬೇರೆಲ್ಲೂ ಸಿಗುವುದಿಲ್ಲ. ಓದುತ್ತಾ ನಗು ಬರುತ್ತದೆ. ಆದರೆ ನೆನಪಿಡಿ, ಇದು ಗುಮಾಸ್ತ ಗುಮಾಸ್ತರಿಗಾಗಿ ಬರೆದ ಜಾಹೀರಾತು. “ಓದದಿದ್ದರೆ ದನ ಕಾಯ್ತೀಯ” ಅನ್ನುವ ಮಾತಿನಿಂದ ದನ ಕಾಯುವವರ ಬದುಕು ಎಷ್ಟು ತಿಳಿದೀತೋ ಅಷ್ಟೇ ಇದರಿಂದಲೂ ತಿಳಿಯುವುದು. ಶಾಲೆಯ ಹುಡುಗರು ಕಾಪಿ ಬರೆದೂ ಬರೆದೂ ತಪ್ಪು ತುಂಬಿರುವುದರಿಂದ ಕೆಲವು ಸಾಲುಗಳ ಅರ್ಥ ಅನುವಾದದಿಂದ ಅನುವಾದಕ್ಕೆ ಬೇರೆಯಾಗುತ್ತದೆ.

ಸತ್ತವರಿಗೆ ಬರೆದ ಪತ್ರ

ಇವು ಕೆಲವೇ ಇವೆ, ಓದಲು ಗಂಟೆ ಸಾಕು. ಮನೆಯಲ್ಲಿ ಕಾಯಿಲೆ, ಆಸ್ತಿ ಜಗಳ ಬಂದರೆ ತೀರಿಹೋದವರ ಕಾಟ ಇರಬೇಕು, ಇಲ್ಲವೇ ಅವರು ನಮ್ಮ ಪರ ನಿಲ್ಲುತ್ತಿಲ್ಲ ಅನ್ನುವ ನಂಬಿಕೆ. ಆಗ ಎಡೆ ಇಡುವ ಬಟ್ಟಲಿನ ಮೇಲೇ ಪತ್ರ ಬರೆಯುತ್ತಿದ್ದರು. ಉಣ್ಣಲು ಬಂದವರು ಓದಲೇಬೇಕಲ್ಲ! ಒಂದು ಬಟ್ಟಲಿನಲ್ಲಿ ದೇದಿ ಅನ್ನುವ ಹೆಂಗಸು ತೀರಿಹೋದ ಇಂತೆಫ್‌ಗೆ, ಕೆಲಸದ ಹುಡುಗಿ ಹುಷಾರಿಲ್ಲದೆ ಮಲಗಿದ್ದಾಳೆ, ಅವಳಿಗಾಗಿ ನೀನು ಹಗಲು ರಾತ್ರಿ ಹೋರಾಡುತ್ತಿಲ್ಲ ಯಾಕೆ ಅಂತ ಕೇಳುತ್ತಾಳೆ.

ಮನಸ್ಸು ಕಲಕುವುದು ಲೈಡನ್ ನಗರದಲ್ಲಿರುವ ಒಂದು ಪಪೈರಸ್. ಗಂಡ ತೀರಿಹೋದ ಹೆಂಡತಿ ಅಂಖಿರಿಗೆ ಬರೆದದ್ದು. ನಾನು ನಿನಗೆ ಏನು ತಪ್ಪು ಮಾಡಿದೆ ಅಂತ ಶುರು. ಚಿಕ್ಕ ವಯಸ್ಸಿನಲ್ಲಿ ಮದುವೆ ಆದೆ, ದೊಡ್ಡ ಕೆಲಸ ಸಿಕ್ಕಾಗಲೂ ನಿನ್ನನ್ನು ಬಿಡಲಿಲ್ಲ. ನಿನಗೆ ಕಾಯಿಲೆ ಆದಾಗ ದೊಡ್ಡ ವೈದ್ಯರನ್ನೇ ಕರೆಸಿದೆ. ನೀನು ಹೋದಾಗ ಮನೆ ಮುಂದೆ ಎಲ್ಲರೆದುರು ಅತ್ತೆ. ಮೂರು ವರ್ಷ ಆಯಿತು, ಇನ್ನೊಂದು ಮನೆ ಹೊಕ್ಕಿಲ್ಲ. ದೂರು, ಪ್ರೀತಿ, ಭಯ ಮೂರೂ ಒಂದೇ ಉಸಿರಿನಲ್ಲಿ. ಇದರಲ್ಲಿ ಅಡುಗೆ, ಸಂಬಳದ ವಿವರ ಹುಡುಕಬೇಡಿ. ಸಂಸಾರದ ಒಳಗಿನದು ಬೇಕು ಅನ್ನುವವರಿಗೆ ಇದಕ್ಕಿಂತ ಹತ್ತಿರದ್ದು ನಾನು ಕಂಡಿಲ್ಲ.

ಉಳಿದವು, ಚುಟುಕಾಗಿ

ಪ್ರೇಮಗೀತೆಗಳು ಸೊಗಸು. ನನ್ನವಳನ್ನು ನೋಡಿ ಏಳು ದಿನ ಆಯಿತು, ಮೈ ಭಾರ, ವೈದ್ಯರ ಮದ್ದು ನಾಟುತ್ತಿಲ್ಲ ಅನ್ನುವ ಹಾಡು ಯಾರಿಗಾದರೂ ಹಿಡಿಸುತ್ತದೆ. ಒಂದು ಎಚ್ಚರಿಕೆ: ಪ್ರೇಮಿಗಳು ಒಬ್ಬರನ್ನೊಬ್ಬರು ‘ಅಣ್ಣ’, ‘ತಂಗಿ’ ಅನ್ನುತ್ತಾರೆ. ಆಗ ಅದು ಮುದ್ದಿನ ಮಾತು, ಗಾಬರಿ ಬೀಳಬೇಡಿ. ಕವಿತೆಯಾಗಿ ಓದಿ, ದಿನಚರಿಯ ಸಾಕ್ಷಿ ಅಂತ ಅಲ್ಲ.

ಮೆರೆರ್‌ನ ದಿನಚರಿ ಇದಕ್ಕೆ ಪೂರಾ ಉಲ್ಟಾ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಪಿಯರ್ ತಾಲೆ ಅವರ ತಂಡಕ್ಕೆ ಸಿಕ್ಕ ಪಪೈರಸ್ ಇದು, ಮಹಾ ಪಿರಮಿಡ್ಡು ಕಟ್ಟಿಸಿದ ರಾಜ ಖುಫುವಿನ ಕಾಲದ್ದು. ಬರಹ ಇರುವ ಪಪೈರಸ್‌ಗಳಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ. ಮೆರೆರ್ ಮತ್ತು ಅವನ ಕೈಕೆಳಗಿನ ಜನ ತೂರಾದ ಕ್ವಾರಿಯಿಂದ ಬಿಳಿ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸುತ್ತಿದ್ದರು. ಇಂಥ ದಿನ ಕಲ್ಲು ಎಳೆದೆವು, ತೂರಾದಲ್ಲಿ ರಾತ್ರಿ ಕಳೆದೆವು. ಮಾರನೆಯ ದಿನವೂ ಅದೇ. ಲಾರಿ ಡ್ರೈವರನ ಟ್ರಿಪ್ ಶೀಟ್ ಇದ್ದ ಹಾಗೆ. ಮಹಾ ಪಿರಮಿಡ್ಡಿಗೆ ಕಲ್ಲು ಸಾಗಿದ ಕಾಲದ್ದು ಅಂತ ಗೊತ್ತಿದ್ದು ಓದಿದರೆ ಮೈ ಜುಮ್ ಅನ್ನುತ್ತದೆ. ಗೊತ್ತಿಲ್ಲದೆ ಓದಿದರೆ ಎರಡು ಪುಟಕ್ಕೆ ನಿದ್ದೆ.

ಕನ್ನಡದವರು ಕೆಲವರು ಆಕ್ಸಿರಿಂಕಸ್ ಅನ್ನುವ ಈಜಿಪ್ಟಿನ ಊರಿನ ಪಪೈರಸ್ ಕೇಳುತ್ತಾ ಬರುತ್ತಾರೆ. ಅಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಮಾತು ಕನ್ನಡ ಅಂತ ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ಬರೆದರು. ಗೋವಿಂದ ಪೈ ಅವರೂ ಅದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಏನೇ ಇರಲಿ, ಅದು ರೋಮನ್ ಆಳ್ವಿಕೆಯ ಕಾಲದ ಗ್ರೀಕ್ ಬರಹ. ಮೇಲೆ ಹೇಳಿದ ಫೇರೋಗಳ ಕಾಲದ ಊರಿಗೂ ಅದಕ್ಕೂ ಸಾವಿರ ವರ್ಷಕ್ಕೂ ಮೀರಿದ ಅಂತರ. ಬೇರೆ ಕಪಾಟು, ಬೇರೆ ಸಲ.

ದುಡ್ಡು, ಸಮಯ, ಅನುವಾದ

ನಾನು ಓದಿದ್ದೆಲ್ಲ ಇಂಗ್ಲಿಷ್ ಅನುವಾದದಲ್ಲೇ. ಮೇಲಿನ ಕನ್ನಡದ ಮಾತುಗಳು ಅವುಗಳ ಸಾರ ಅಷ್ಟೇ.

ಒಂದು ಪೈಸೆಯೂ ಬೇಡ ಅನ್ನುವವರಿಗೆ ಹೆಕಾನಖ್ತ್ ಸುಲಭ. ಮೆಟ್ರೋಪಾಲಿಟನ್ ಮ್ಯೂಸಿಯಂ ಈ ಪತ್ರಗಳ ಬಗ್ಗೆ ತಾನು ಪ್ರಕಟಿಸಿದ್ದನ್ನು ತನ್ನ ತಾಣದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಗೈರುಹಾಜರಿ ಚಪ್ಪಡಿಯ ಫೋಟೋ ಬ್ರಿಟಿಷ್ ಮ್ಯೂಸಿಯಂ ತಾಣದಲ್ಲಿ ಇದೆ, ದೊಡ್ಡದು ಮಾಡಿ ನೋಡಿದರೆ ಕೆಂಪು ಮಸಿಯ ಗುರುತು ಕಾಣುತ್ತದೆ. ದೇರ್ ಎಲ್ ಮದೀನಾದ ಚೂರುಗಳಿಗೆ ಲೈಡನ್ ವಿಶ್ವವಿದ್ಯಾಲಯದ ಡೇಟಾಬೇಸ್ ಇದೆ. ಆದರೆ ಅದು ಹುಡುಕುವವರಿಗೆ, ಸುಮ್ನೆ ಓದುವವರಿಗಲ್ಲ. ಅದಕ್ಕೆ ಮೊದಲು ಆ ಊರಿನ ಆಯ್ದ ಬರಹಗಳನ್ನು ವಿಷಯವಾರು ಜೋಡಿಸಿ ವಿವರಣೆ ಕೊಟ್ಟ ಒಂದು ಪುಸ್ತಕ ಇರಲಿ. ಹಣ ಹಾಕುವುದಿದ್ದರೆ ಇಲ್ಲೇ ಹಾಕಿ. ಬುದ್ಧಿಮಾತು, ಪ್ರೇಮಗೀತೆಗಳು ಸಾಮಾನ್ಯ ಪೇಪರ್‌ಬ್ಯಾಕ್ ಸಂಕಲನಗಳಲ್ಲೇ ಸಿಗುತ್ತವೆ.

ಕೊಳ್ಳುವ ಮುಂಚೆ ಎರಡು ಪುಟ ತೆರೆದು ನೋಡಿ. ಅನುವಾದ ಇದೆಯಾ, ಬರೀ ಲಿಪಿಯ ನಕಲಾ? (ಹೇಳಿದೆನಲ್ಲ.) ನೂರು ವರ್ಷ ಹಳೆಯ ಅನುವಾದಗಳು ಪುಕ್ಕಟೆ ಸಿಗುತ್ತವೆ, ಆದರೆ ಇಂಗ್ಲಿಷ್ ಬೈಬಲ್ ಭಾಷೆ. ಆಮೇಲೆ ತಿದ್ದಿದ ಎಷ್ಟೋ ಅರ್ಥಗಳು ಅವುಗಳಲ್ಲಿ ಇರುವುದಿಲ್ಲ. ಚೌಕ ಕಂಸದೊಳಗಿನ ಪದ ಅಂದರೆ ಅಲ್ಲಿ ಪಪೈರಸ್ ಹರಿದಿದೆ, ಅನುವಾದಕರು ಊಹಿಸಿ ತುಂಬಿದ್ದಾರೆ ಅಂತ. ಕಂಸವೂ ಇಲ್ಲ, ಚುಕ್ಕಿಯೂ ಇಲ್ಲ, ಎಲ್ಲ ನುಣ್ಣಗೆ ಓದಿಸಿಕೊಂಡು ಹೋಗುತ್ತಿದೆ ಅಂದರೆ ನನಗೆ ಅನುಮಾನ ಬರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಒಂದೇ ಒಂದು ಭಾನುವಾರ ಇದೆ, ಖರ್ಚು ಬೇಡ ಅಂದರೆ ಹೆಕಾನಖ್ತ್‌ನ ಮೊದಲ ಎರಡು ಪತ್ರ. ಇಷ್ಟವಾದರೆ ಅದೇ ಸಂಜೆ ಅಂಖಿರಿಯ ಗಂಡನ ಪತ್ರವನ್ನೂ ಓದಿಬಿಡಿ.

ನಾಲ್ಕೈದು ತಿಂಗಳು ರಾತ್ರಿ ಅರ್ಧ ಗಂಟೆ ಕೊಡುತ್ತೇನೆ, ಒಂದು ಪುಸ್ತಕಕ್ಕೆ ದುಡ್ಡೂ ಹಾಕುತ್ತೇನೆ ಅನ್ನುವವರು ಯೋಚನೆ ಮಾಡದೆ ದೇರ್ ಎಲ್ ಮದೀನಾಕ್ಕೆ ಹೋಗಿ. ಮುಷ್ಕರ, ಉಯಿಲು, ಗೈರುಹಾಜರಿ, ಈ ಮೂರು ಮೊದಲು. ಬಟ್ಟೆ ಲೆಕ್ಕ ಆಮೇಲೆ. ಜೊತೆಗೆ ಹೆಸರು ಬರೆದುಕೊಳ್ಳಲು ಒಂದು ನೋಟ್‌ಬುಕ್.

ಮಕ್ಕಳಿಗೆ ಓದಿ ಹೇಳುವುದಿದ್ದರೆ ಖೇತಿ. ಹೈಸ್ಕೂಲು ಹುಡುಗರು ಮೊಸಳೆ, ಮೀನಿನ ನಾತಕ್ಕೆ ಬಿದ್ದು ಬಿದ್ದು ನಗುತ್ತಾರೆ. ನಕ್ಕ ಮೇಲೆ, ಇದನ್ನೇ ಆ ಅಗಸನ ಕೈಲಿ ಬರೆಸಿದ್ದರೆ ಗುಮಾಸ್ತನ ಬಗ್ಗೆ ಏನು ಬರೆಯುತ್ತಿದ್ದ ಅಂತ ಕೇಳಿ ನೋಡಿ. ನಮ್ಮ ಮನೆಯಲ್ಲಿ ಬಂದ ಉತ್ತರ: “ಮೂರು ಹೊತ್ತೂ ಕೂತೇ ಇರ್ತಾನೆ, ಬಟ್ಟೆಗೆ ಮಸಿ ಮಾಡ್ಕೊಂಡು ಬರ್ತಾನೆ, ಒಗೆಯೋದು ನಾನು.”